ಬದಿಯಡ್ಕ ಪೇಟೆಯ ಹಪ್ಪಳದಂಗಡಿ: ಗಲ್ಫಿಗೆ ಹೊರಡುವವರು ಒಮ್ಮೆ ಹೋಗಿ

ಶಾರ್ಜಾದಲ್ಲಿ ಸಂಸಾರ ಮಾಡಿಕೊಂಡಿರುವ ನಮ್ಮಂಥವರು ಊರಿಗೆ ಬರುವುದೇ ಮಕ್ಕಳ ದೊಡ್ಡ ರಜೆಯಲ್ಲಿ, ಅಂದ್ರೆ ಜುಲೈ, ಆಗಸ್ಟ್. ವಿಮಾನದ ಟಿಕೆಟ್ಟಿಗೆ ಆಗಲೇ ಎಲ್ಲಿಲ್ಲದ ರೇಟು. ಅಷ್ಟು ದುಡ್ಡು ಕೊಟ್ಟು ಬಂದರೆ ಇಲ್ಲಿ ಆಟಿ ತಿಂಗಳ ಮಳೆ, ಹಲಸು ಮಾವು ಎರಡೂ ಮುಗಿದಿರುತ್ತದೆ, ಚಾಪೆ ಹಾಸಿ ಹಪ್ಪಳ ಒಣಗಿಸಲು ಅಂಗಳದಲ್ಲಿ ಬಿಸಿಲೇ ಇಲ್ಲ. ಅಮ್ಮನಿಗೂ ವಯಸ್ಸಾಯಿತು, ಏಪ್ರಿಲ್ ಸೆಕೆಯಲ್ಲಿ ಕೂತು ಹಪ್ಪಳ ಒತ್ತಿಡು ಅಂತ ಫೋನಿನಲ್ಲಿ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿರುವ ಈ ಅಂಗಡಿಯಲ್ಲಿ ಹಲಸಿನ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿ ಮಾಡಿದ ಹಾಳೆ), ಮಜ್ಜಿಗೆ ಮೆಣಸು, ಒಣ ಪುನರ್ಪುಳಿ (ಕೋಕಂ) ಎಲ್ಲ ಬೇಸಿಗೆಯಲ್ಲೇ ಮಾಡಿಟ್ಟಿರುತ್ತಾರೆ. ಕುಚ್ಚಲಕ್ಕಿ, ನೇಂದ್ರ ಚಿಪ್ಸ್ ಶಾರ್ಜಾದಲ್ಲೇ ಬೇಕಾದಷ್ಟು ಸಿಗುತ್ತದೆ, ಅದನ್ನು ಇಲ್ಲಿಂದ ಹೊರುವುದು ಸುಮ್ನೆ ದಂಡ. ಆದರೆ ಇಂಥ ಹಲಸಿನ ಹಪ್ಪಳ ನಾನು ಅಲ್ಲಿ ಕಂಡಿಲ್ಲ. ಖಾರ ಹದವಾಗಿದೆ, ಕಾಯಿಸಿದರೆ ಎಣ್ಣೆ ಕುಡಿಯುವುದಿಲ್ಲ. ನನ್ನ ಸಣ್ಣವಳು ಊಟಕ್ಕೆ ಹಠ ಮಾಡಿದ ದಿನ ಗಂಜಿಯ ಪಕ್ಕ ಒಂದು ಹಪ್ಪಳ ಇಟ್ಟರೆ ಬಟ್ಟಲು ಖಾಲಿ. ಗಂಡ ಹೆಂಡತಿ ಇಬ್ಬರೂ ದುಡಿದು ಸುಸ್ತಾಗಿ ಬರುವ, ಎತ್ತಿಕೊಂಡು ಉಣಿಸಲು ಅಜ್ಜಿ ಇಲ್ಲದ ಮನೆಯಲ್ಲಿ ಇದು ಎಷ್ಟು ದೊಡ್ಡ ಉಪಕಾರ ಅಂತ ಅಲ್ಲಿರುವವರಿಗೇ ಗೊತ್ತು.

ಪ್ಯಾಕಿಂಗ್ ಬಗ್ಗೆ ಹೇಳಲೇಬೇಕು. ಅಮ್ಮನ ಮಿಡಿ ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬದಲ್ಲಿ ತಂದಿದ್ದೆ. ಅದು ಅವರ ಅಂಗಡಿಯ ಸಾಮಾನಲ್ಲ, ಆದರೂ ಅಂಗಡಿಯ ಅಕ್ಕ ಬೇಡ ಅನ್ನಲಿಲ್ಲ. ದಪ್ಪ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಬಾಯಿಯ ಎಣ್ಣೆ ಒರೆಸಿ, ಮೆಷಿನ್ನಿನಲ್ಲಿ ಎರಡು ಸಾಲು ಸೀಲ್ ಮಾಡಿದರು. ಮತ್ತೆ ಅದನ್ನು ತಲೆಕೆಳಗಾಗಿ ಪೇಪರಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿ, "ಸ್ವಲ್ಪ ನಿಲ್ಲಿ, ಕಲೆ ಬರ್ತದಾ ನೋಡುವ" ಅಂದರು. ಮೂಲೆಯಲ್ಲಿ ಸಣ್ಣ ಕಲೆ ಕಂಡಿತು. ಬಿಚ್ಚಿ ಹೊಸ ತೊಟ್ಟೆಗೆ ಹಾಕಿಕೊಟ್ಟರು, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಶಾರ್ಜಾದಲ್ಲಿ ಪೆಟ್ಟಿಗೆ ತೆರೆದಾಗ ಮಕ್ಕಳ ಬಟ್ಟೆಗೆ ಒಂದು ಹನಿ ಎಣ್ಣೆ ತಾಗಿರಲಿಲ್ಲ.

ಏನು ಒಯ್ಯಬಾರದು ಅನ್ನುವುದೂ ಇವರಿಗೆ ಗೊತ್ತು. ದುಬೈಗೆ ಹೊರಟ ಹುಡುಗ ಗಸಗಸೆ ಕೇಳಿದರೆ ಕೊಡಲೇ ಇಲ್ಲ. ಯುಎಇಯಲ್ಲಿ ಗಸಗಸೆ ನಿಷೇಧ, ಮಾದಕ ವಸ್ತುವಿನ ಲೆಕ್ಕದಲ್ಲಿ ಕೇಸು ಬೀಳುತ್ತದೆ. ಕೊಬ್ಬರಿಯನ್ನು ಲಗೇಜಿನಲ್ಲಿ ಬಿಡುವುದಿಲ್ಲ, ಎಣ್ಣೆಯಂಶ ಜಾಸ್ತಿ ಇರುವುದರಿಂದ ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಹುದು ಅಂತ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಅಜ್ಜಿ ಕಟ್ಟಿಕೊಟ್ಟದ್ದನ್ನು ವಿಮಾನ ನಿಲ್ದಾಣದಲ್ಲಿ ಮಕ್ಕಳ ಎದುರೇ ಕಸದ ಬುಟ್ಟಿಗೆ ಹಾಕುವ ಸಂಕಟ ಯಾರಿಗೂ ಬೇಡಪ್ಪ.

ಮಾಂಬಳ ಮಾತ್ರ ನನಗೆ ಹಿಡಿಸಲಿಲ್ಲ, ಸಕ್ಕರೆ ಜಾಸ್ತಿ, ಕಾಟು (ಕಾಡು) ಮಾವಿನ ಹುಳಿಯೇ ಇಲ್ಲ. ಇನ್ನೊಂದು, ಪ್ಯಾಕೆಟ್ಟಿನ ಚೀಟಿಯಲ್ಲಿ ಮಲಯಾಳ, ಇಂಗ್ಲಿಷ್ ಮಾತ್ರ. ಬದಿಯಡ್ಕದ ಅಂಗಡಿಯಲ್ಲಿ ಕನ್ನಡ ಬೇಕಲ್ವಾ? ನನ್ನ ಮಕ್ಕಳ ಶಾಲೆಯಲ್ಲಿ ಕನ್ನಡ ಇಲ್ಲ, ಅಕ್ಷರ ಕಲಿಸುವುದು ಮನೆಯಲ್ಲೇ, ದಿನಾ ಕೈಗೆ ಸಿಗುವ ಪ್ಯಾಕೆಟ್ಟಿನಲ್ಲಿ ಕನ್ನಡ ಇದ್ದರೆ ಓದಿಯಾರು. ಅಕ್ಕನಿಗೆ ಹೇಳಿದ್ದೇನೆ, ಮುಂದಿನ ಸಲ ಅಚ್ಚು ಹಾಕಿಸುವಾಗ ಸೇರಿಸುತ್ತಾರಂತೆ.

ಆಗಸ್ಟ್ ಕೊನೆಗೆ ಹೊರಡುವವರು ಮೊದಲೇ ಫೋನ್ ಮಾಡಿ ಹಪ್ಪಳ ತೆಗೆದಿಡಲು ಹೇಳಿ, ಅಷ್ಟೊತ್ತಿಗೆ ಮುಗಿದಿರುತ್ತದೆ.