ಒಂದೇ ಬೀಮ್, ಬೇರೆ ಬೇರೆ ಎಲಿಮೆಂಟ್: ಬಾಗಿಸಿ ನೋಡಿದ ಹೋಲಿಕೆ

ಒಂದು ವಸ್ತುವನ್ನು ಚಿಕ್ಕ ತುಂಡುಗಳಾಗಿ (ಎಲಿಮೆಂಟ್) ಒಡೆದು, ಅದು ಎಷ್ಟು ಬಾಗುತ್ತದೆ, ಹಿಗ್ಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ ಫೈನೈಟ್ ಎಲಿಮೆಂಟ್. ಅದನ್ನು ಕಲಿಯಲು ಶುರು ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಂತ್ರ. ಉತ್ತರ ಸರಿ ಬರಲಿಲ್ವಾ, ಮೆಶ್ (ಆ ತುಂಡುಗಳ ಜಾಲ) ಸಣ್ಣ ಮಾಡು. ಒಂದು ದಿನ ಸಾದಾ ಕ್ಯಾಂಟಿಲಿವರ್ ಬೀಮ್ ಒಂದನ್ನು ತ್ರಿಕೋನಗಳಾಗಿ ಕತ್ತರಿಸಿದೆ. ಉದ್ದಕ್ಕೆ ಹತ್ತು ಭಾಗ, ಆಮೇಲೆ ಇಪ್ಪತ್ತು, ಆಮೇಲೆ ನೂರು. ಡಿಫ್ಲೆಕ್ಷನ್, ಅಂದರೆ ತುದಿ ಇಳಿದ ದೂರ, ಸರಿಯುತ್ತರದ ಮೂರನೇ ಒಂದು ಪಾಲಿಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಆಗ ಕೂತು ಎಲಿಮೆಂಟುಗಳನ್ನೇ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಪೈಥಾನ್‌ನಲ್ಲಿ ನಾನೇ ಬರೆದ ಚಿಕ್ಕ ಪ್ರೋಗ್ರಾಂ ಸಾಕಾಯಿತು.

ಬೀಮ್ ಹೀಗಿದೆ. ಉದ್ದ 100 ಮಿಮೀ, ಎತ್ತರ 10, ದಪ್ಪ 10. ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಗಡುಸುತನ) 2,00,000 ಎಂಪಿಎ. ಎಡತುದಿ ಬಿಗಿ, ಬಲತುದಿಯಲ್ಲಿ 100 ನ್ಯೂಟನ್ ಭಾರ. ಪಾಯ್ಸನ್ ರೇಷಿಯೊ (ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವ ಅನುಪಾತ) ಬೇಕೆಂದೇ ಸೊನ್ನೆ ಇಟ್ಟೆ. ಉಕ್ಕಿಗೆ ಅದು 0.3ರ ಹತ್ತಿರ, ಗೊತ್ತು. ಆದರೆ ಸೊನ್ನೆ ಇಟ್ಟರೆ ಪ್ರತಿ ಎಲಿಮೆಂಟ್ ಏನು ಮಾಡುತ್ತಿದೆ ಅಂತ ಕಾಗದದ ಮೇಲೇ ತಾಳೆ ನೋಡಬಹುದು. ಬೀಮ್ ಸೂತ್ರದ ಪ್ರಕಾರ ತುದಿ 0.2 ಮಿಮೀ ಇಳಿಯಬೇಕು, ಶಿಯರ್ (ಪದರಗಳು ಒಂದರ ಮೇಲೊಂದು ಜಾರುವಂಥ ಓರೆತನ) ಸೇರಿಸಿದರೆ 0.201. ಬುಡದಲ್ಲಿ ಸ್ಟ್ರೆಸ್ (ಚದರಳತೆಗೆ ಬೀಳುವ ಬಲ) 60 ಎಂಪಿಎ.

ಮೊದಲು ಬಾಗಿಸಲಿಲ್ಲ, ಸುಮ್ನೆ ಉದ್ದಕ್ಕೆ ಎಳೆದೆ. 1 ಎಂಪಿಎ ಸ್ಟ್ರೆಸ್, 0.0005 ಮಿಮೀ ಹಿಗ್ಗು. ಎಲ್ಲ ಎಲಿಮೆಂಟೂ ನಿಖರ ಉತ್ತರ ಕೊಟ್ಟವು. ಎಳೆತದ ಒಂದೇ ಉದಾಹರಣೆ ಮಾಡಿ ಪಾಠ ಮುಗಿಸಿದರೆ ಇವುಗಳ ನಡುವೆ ವ್ಯತ್ಯಾಸವೇ ಇಲ್ಲ ಅನಿಸುವುದು ಇದಕ್ಕೇ.

ಈಗ ಬಾಗಿಸೋಣ. ಮೂರು ನೋಡ್‌ನ ತ್ರಿಕೋನ ಮೊದಲು. ನೋಡ್ ಅಂದರೆ ಎಲಿಮೆಂಟುಗಳು ಒಂದಕ್ಕೊಂದು ಸೇರುವ ಬಿಂದು. ಇದಕ್ಕೆ ದೊಡ್ಡ ಚರಿತ್ರೆ ಇದೆ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ವಿಮಾನದ ರಚನೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದೇ ತ್ರಿಕೋನ ಇತ್ತು. 'ಫೈನೈಟ್ ಎಲಿಮೆಂಟ್' ಅನ್ನುವ ಹೆಸರನ್ನು ಕ್ಲಫ್ ಇಟ್ಟದ್ದು 1960ರಲ್ಲಿ. ನನ್ನ ಮೊದಲ ಪ್ರಯತ್ನದಲ್ಲಂತೂ ಭಾರ ಕೆಳಕ್ಕೆ ಹಾಕಿದರೆ ಬೀಮ್ ಮೇಲಕ್ಕೆ ಎದ್ದಿತು! ನೋಡ್‌ಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಿದ್ದೆ. ವಿಸ್ತೀರ್ಣ ಋಣವಾಗಿ, ಅದರ ಜೊತೆ ಇಡೀ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ (ಭಾರಕ್ಕೂ ನೋಡ್‌ಗಳ ಚಲನೆಗೂ ಇರುವ ಸಂಬಂಧದ ಅಂಕಿಗಳ ಕೋಷ್ಟಕ) ಋಣವಾಗಿತ್ತು.

ಅದನ್ನು ಸರಿ ಮಾಡಿದ ಮೇಲೆ, ಹತ್ತು ಚೌಕ, ಪ್ರತಿ ಚೌಕಕ್ಕೆ ಎರಡು ತ್ರಿಕೋನ. ತುದಿ ಇಳಿದದ್ದು 0.045ರ ಸುತ್ತ. ಬುಡದ ಸ್ಟ್ರೆಸ್ 60ರ ಬದಲು 13ರ ಆಸುಪಾಸು. ಕಾರಣ ಸರಳ. ಈ ತ್ರಿಕೋನದೊಳಗೆ ಸ್ಟ್ರೇನ್ (ಹಿಗ್ಗು-ಕುಗ್ಗಿನ ಪ್ರಮಾಣ) ಎಲ್ಲ ಕಡೆ ಒಂದೇ. ಬಾಗುವ ಬೀಮ್‌ನಲ್ಲಿ ಅದು ಮೇಲ್ಮೈಯಲ್ಲಿ ಗರಿಷ್ಠ, ನಡುವೆ ಸೊನ್ನೆ ಆಗಬೇಕು. ನಮ್ಮ ತ್ರಿಕೋನಕ್ಕೆ ಇಳಿಸಲು ಬರುವುದಿಲ್ಲ, ಅಂಚಿನ ಸ್ಟ್ರೇನನ್ನೇ ಮೈತುಂಬ ಹೊತ್ತುಕೊಳ್ಳುತ್ತದೆ. ನೇರಗೆರೆಯಂತೆ ಇಳಿಯುವ ಸ್ಟ್ರೇನಿನ ವರ್ಗದ ಸರಾಸರಿ, ಅಂಚಿನ ವರ್ಗದ ಮೂರನೇ ಒಂದು ಪಾಲು. ಹಾಗಾಗಿ ಇಲ್ಲಿ ಶಕ್ತಿ ಮೂರು ಪಟ್ಟು ಬೇಕು, ಬೀಮ್ ಮೂರು ಪಟ್ಟು ಗಡುಸು. ಎತ್ತರಕ್ಕೆ ಒಂದೇ ಸಾಲು ಇದ್ದರೆ ಉದ್ದಕ್ಕೆ ಎಷ್ಟು ಕತ್ತರಿಸಿದರೂ ಈ ಮೂರು ಹೋಗುವುದಿಲ್ಲ. ನಾನು ಸಿಕ್ಕಿಬಿದ್ದದ್ದು ಇಲ್ಲೇ.

ಎರಡನೆಯದು ನಾಲ್ಕು ನೋಡ್‌ನ ಚೌಕ, ಎರಡಕ್ಕೆರಡು ಗಾಸ್ ಪಾಯಿಂಟ್ (ಎಲಿಮೆಂಟಿನೊಳಗೆ ಸ್ಟ್ರೇನ್ ಲೆಕ್ಕ ಹಾಕುವ ಬಿಂದು). ಇದು ಸ್ವಲ್ಪ ಜಾಣ. ಹತ್ತು ಚೌಕಕ್ಕೆ 0.134, ಬುಡದಲ್ಲಿ 38 ಎಂಪಿಎ. ಪರವಾಗಿಲ್ಲ ಅಂದುಕೊಂಡು ಅದೇ ಬೀಮನ್ನು ಐದೇ ಭಾಗ ಮಾಡಿದೆ. 0.067ಕ್ಕೆ ಇಳಿಯಿತು. ಎರಡೇ ಭಾಗ ಮಾಡಿದರೆ 0.015! ಬೀಮ್ ಬಾಗುವುದನ್ನೇ ಮರೆತಂತಿತ್ತು.

ಒಂದು ರಬ್ಬರ್ ತುಂಡನ್ನು ಬೆರಳುಗಳ ನಡುವೆ ಬಾಗಿಸಿ ನೋಡಿ. ಮೇಲಿನ ಕೆಳಗಿನ ಅಂಚು ಕಮಾನಾಗುತ್ತವೆ, ಮೂಲೆಯ ಕೋನ ಮಾತ್ರ 90 ಡಿಗ್ರಿಯೇ ಇರುತ್ತದೆ. ನಾಲ್ಕು ನೋಡ್‌ನ ಎಲಿಮೆಂಟಿನ ಅಂಚು ಯಾವತ್ತೂ ನೇರ. ಕಮಾನಾಗಲು ಬರುವುದಿಲ್ಲ. ಆದ್ದರಿಂದ ಅದು ಓರೆಯಾಗುತ್ತದೆ, ಮೂಲೆಯ ಕೋನ ಕೆಡುತ್ತದೆ. ಕೋನ ಕೆಟ್ಟಿತು ಅಂದರೆ ಶಿಯರ್ ಬಂತು ಅಂತಲೇ ಅರ್ಥ. ನಿಜವಾದ ಬೀಮ್‌ನಲ್ಲಿ ಇಲ್ಲದ ಶಿಯರ್ ಇದು. ನಾವು ಹಾಕಿದ ಶಕ್ತಿಯನ್ನು ಅದೇ ತಿಂದುಹಾಕುತ್ತದೆ. ಶಿಯರ್ ಲಾಕಿಂಗ್ ಅನ್ನುವುದು ಇದಕ್ಕೇ. ಗಡುಸುತನ ಎಷ್ಟು ಪಟ್ಟು ಏರುತ್ತದೆ ಅಂತ ನನ್ನ ಉದಾಹರಣೆಯಲ್ಲಿ ಕೈಲೆಕ್ಕದಲ್ಲೇ ಬರುತ್ತದೆ. ಎಲಿಮೆಂಟಿನ ಉದ್ದವನ್ನು ಎತ್ತರದಿಂದ ಭಾಗಿಸಿ, ವರ್ಗ ಮಾಡಿ, ಅರ್ಧ ಮಾಡಿ, ಒಂದು ಕೂಡಿಸಿ. ಚೌಕಕ್ಕೆ 1.5, ಎರಡು ಪಟ್ಟು ಉದ್ದಕ್ಕೆ 3, ಐದು ಪಟ್ಟಿಗೆ 13.5. ಪ್ರೋಗ್ರಾಂ ಕೊಟ್ಟ ಅಂಕಿಗಳು ಇದಕ್ಕೆ ಸರಿಯಾಗಿ ಕೂತಾಗ ಆದ ಖುಷಿ ಬೇರೆಯೇ. ತ್ರಿಕೋನಕ್ಕಿಂತ ಇದು ವಾಸಿ, ಯಾಕಂದರೆ ಉದ್ದಕ್ಕೆ ಕತ್ತರಿಸುತ್ತಾ ಹೋದರೆ ಸರಿಯುತ್ತರದ ಕಡೆಗೇ ಹೋಗುತ್ತದೆ. 40 ಭಾಗಕ್ಕೆ 0.195.

ಲಾಕಿಂಗ್ ತಪ್ಪಿಸಲು ಒಂದು ಅಗ್ಗದ ಉಪಾಯ ಇದೆ. ನಾಲ್ಕು ಗಾಸ್ ಪಾಯಿಂಟ್ ಬಿಟ್ಟು ನಡುವಿನ ಒಂದೇ ಪಾಯಿಂಟ್ ಇಡುವುದು, ಅಂದರೆ ರಿಡ್ಯೂಸ್ಡ್ ಇಂಟಿಗ್ರೇಷನ್. ಹಾಕಿದೆ. ಸಾಲ್ವರ್ ಕೈ ಎತ್ತಿತು, ಮ್ಯಾಟ್ರಿಕ್ಸ್ ಸಿಂಗ್ಯುಲರ್, ಅಂದರೆ ಸಮೀಕರಣ ಬಿಡಿಸಿ ಒಂದೇ ಉತ್ತರ ಪಡೆಯಲು ಆಗದು. ಬಾಗುವಾಗ ನಡುಬಿಂದುವಿನಲ್ಲಿ ಸ್ಟ್ರೇನ್ ಸೊನ್ನೆ, ಅಲ್ವಾ? ಅಲ್ಲಿ ಮಾತ್ರ ಇಣುಕುವ ಎಲಿಮೆಂಟಿಗೆ ಬಾಗಿದ್ದೇ ಗೊತ್ತಾಗುವುದಿಲ್ಲ. ಅವರ್‌ಗ್ಲಾಸ್ ಅಂದರೆ ಇದೇ. ಎತ್ತರಕ್ಕೆ ಎರಡು ಸಾಲು ಇಟ್ಟಾಗ 0.267ರ ಆಸುಪಾಸು ಬಂತು, ನಾಲ್ಕು ಸಾಲಿಗೆ 0.214ರ ಹತ್ತಿರ. ಗಮನಿಸಿ, ಇದು ಸರಿಯುತ್ತರಕ್ಕಿಂತ ಜಾಸ್ತಿ ಬಾಗುತ್ತಿದೆ. ಪೂರ್ತಿ ಇಂಟಿಗ್ರೇಷನ್ ಮಾಡಿದ ಮೊದಲ ಎರಡೂ ಕಡಿಮೆ ಬಾಗಿದ್ದವು. ಮಾರುಕಟ್ಟೆಯ ಸಾಫ್ಟ್‌ವೇರ್‌ಗಳು ಇದಕ್ಕೆ ಸ್ವಲ್ಪ ಕೃತಕ ಗಡುಸುತನ ಸೇರಿಸುವುದರಿಂದ ಅಲ್ಲಿ ಸಿಂಗ್ಯುಲರ್ ಅಂತ ಕೂಗಾಡುವುದಿಲ್ಲ, ಅಂಕಿಯೂ ತುಸು ಬೇರೆ ಬರುತ್ತದೆ. ಸಾಲು ಕಡಿಮೆ ಇದ್ದಾಗ ನನಗೆ ಇದರ ಮೇಲೆ ನಂಬಿಕೆ ಇಲ್ಲ. ಎತ್ತರಕ್ಕೆ ನಾಲ್ಕು ಸಾಲಾದರೂ ಬೇಕು.

ನನಗೆ ತುಂಬ ಹಿಡಿಸಿದ್ದು ಇನ್‌ಕಂಪ್ಯಾಟಿಬಲ್ ಮೋಡ್ ಎಲಿಮೆಂಟ್. 1973ರಲ್ಲಿ ವಿಲ್ಸನ್ ಮತ್ತು ಜೊತೆಗಾರರು ತಂದದ್ದು. ನೋಡ್ ನಾಲ್ಕೇ. ಒಳಗೊಳಗೇ ಕಮಾನಿನ ಆಕಾರ ಸೇರಿಸಿ ಅಂಚಿಗೆ ಬಾಗಲು ಬಿಡುತ್ತಾರೆ. ಪಕ್ಕದ ಎಲಿಮೆಂಟಿನ ಅಂಚಿಗೆ ಅದು ಹೊಂದದಿದ್ದರೂ ಚಿಂತೆಯಿಲ್ಲ ಅನ್ನುವ ಧೈರ್ಯ! ಹತ್ತು ಚೌಕಕ್ಕೆ 0.2005, ಬುಡದಲ್ಲಿ 57. ಅದೇ ನೋಡ್, ಅದೇ ಮೆಶ್. ಆದರೆ ಚೌಕಗಳನ್ನು ಓರೆಯಾಗಿ ಕತ್ತರಿಸಿದರೆ ಮತ್ತೆ ಗಡುಸಾಗಿಬಿಡುತ್ತದೆ. ಮೊದಲ ರೂಪ ಓರೆ ಆಕಾರಗಳಲ್ಲಿ ಪ್ಯಾಚ್ ಟೆಸ್ಟ್ (ಎಲ್ಲ ಕಡೆ ಒಂದೇ ಸ್ಟ್ರೆಸ್ ಇದ್ದಾಗ ನಿಖರ ಉತ್ತರ ಬರುತ್ತದಾ ಅನ್ನುವ ಪರೀಕ್ಷೆ) ಪಾಸಾಗಲಿಲ್ಲ. 1976ರಲ್ಲಿ ಟೇಲರ್, ಬೆರೆಸ್‌ಫರ್ಡ್, ವಿಲ್ಸನ್ ಅದನ್ನು ರಿಪೇರಿ ಮಾಡಿದರು.

ಎಂಟು ನೋಡ್‌ನ ಚೌಕ (ಮೂಲೆಗಳ ಜೊತೆ ಪ್ರತಿ ಅಂಚಿನ ನಡುವೆಯೂ ಒಂದು ನೋಡ್), ಎರಡಕ್ಕೆರಡು ಗಾಸ್ ಪಾಯಿಂಟ್‌ನೊಂದಿಗೆ, ಐದೇ ಭಾಗದಲ್ಲಿ 0.201 ಕೊಟ್ಟಿತು. ಗಾಸ್ ಪಾಯಿಂಟಿನಿಂದ ಬುಡಕ್ಕೆ ಎಳೆದು ನೋಡಿದರೆ ಸ್ಟ್ರೆಸ್ 60. ಬಿಡಿಸಬೇಕಾದ ಅಜ್ಞಾತಗಳು 50. ಹತ್ತು ಸಾದಾ ಚೌಕಗಳಿಗೆ 40 ಇದ್ದವು, ಉತ್ತರ ಮಾತ್ರ 0.134. ಹತ್ತು ಅಜ್ಞಾತ ಜಾಸ್ತಿ ಕೊಟ್ಟು ಇಷ್ಟು ಸಿಕ್ಕರೆ ಬೇಡ ಅನ್ನುವವರು ಯಾರು? ಅಂಚಿನ ನಡುವಿನ ನೋಡ್ ನಡುವೆಯೇ ಇರಬೇಕು, ಅದೊಂದು ಎಚ್ಚರ. ಕಾಲು ಭಾಗಕ್ಕೆ ಸರಿಸಿದರೆ ಮೂಲೆಯಲ್ಲಿ ಸ್ಟ್ರೆಸ್ ಅನಂತಕ್ಕೆ ಏರುತ್ತದೆ. ಬಿರುಕಿನ ತುದಿಗೆ ಇದನ್ನೇ ಬೇಕೆಂದು ಮಾಡುತ್ತಾರೆ ಅನ್ನಿ. ಡಿಕ್ಕಿ, ಸ್ಫೋಟದಂಥ ಲೆಕ್ಕಗಳಲ್ಲಿ ಮಾತ್ರ ಜನ ಸಾಮಾನ್ಯವಾಗಿ ಒಂದು ಪಾಯಿಂಟಿನ ಎಲಿಮೆಂಟಿಗೇ ಹೋಗುತ್ತಾರೆ.

ಅಬಾಕಸ್ (Abaqus) ಅನ್ನುವ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ನಲ್ಲಿ ಇವನ್ನೇ ಹುಡುಕುವವರಿಗೆ ಹೆಸರುಗಳು ಇದೇ ಸಾಲಿನಲ್ಲಿ: ಸಿಪಿಎಸ್3, ಸಿಪಿಎಸ್4, ಸಿಪಿಎಸ್4ಆರ್, ಸಿಪಿಎಸ್4ಐ, ಸಿಪಿಎಸ್8ಆರ್. ಕೊನೆಯ ಒಂದು ಅಕ್ಷರ ನೋಡದೆ ಆರಿಸಿದರೆ 0.134 ಎಲ್ಲಿ, 0.2005 ಎಲ್ಲಿ!

ಈಗ ನಾನು ಚೌಕ ಕೂರುವ ಕಡೆ ಎಂಟು ನೋಡ್ ಹಾಕುತ್ತೇನೆ. ಆಕಾರ ಅಂಕುಡೊಂಕಾಗಿದ್ದು ಮೆಶ್ ಮಾಡುವ ಪ್ರೋಗ್ರಾಂ ತ್ರಿಕೋನವನ್ನೇ ಕೊಟ್ಟರೆ ಜಗಳಕ್ಕೆ ಹೋಗುವುದಿಲ್ಲ, ಕ್ವಾಡ್ರಾಟಿಕ್ ಅಂತ ಆರಿಸಿ, ಅಂಚುಗಳ ನಡುವೆಯೂ ನೋಡ್ ಇಟ್ಟು ಆರು ನೋಡ್ ಮಾಡುತ್ತೇನೆ. ನನ್ನನ್ನು ಸಿಕ್ಕಿಸಿದ್ದ ಅದೇ ಇಪ್ಪತ್ತು ತ್ರಿಕೋನಗಳ ಮೆಶ್‌ಗೂ ಹಾಗೇ ಮಾಡಿ ನೋಡಿದೆ. 0.045ರಲ್ಲಿ ಇದ್ದದ್ದು 0.2ರ ಪಕ್ಕ ಬಂದು ಕೂತಿತು.