ಆಲ್ಫಾ ಅಥವಾ ಗಾಮಾ: ಕೋಶಚಕ್ರದ ಅಧ್ಯಯನಕ್ಕೆ ಯಾವ ಇಂಟರ್‌ಫೆರಾನ್?

ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ಪ್ರತಿರಕ್ಷಣಾ ವ್ಯವಸ್ಥೆಯ ಸಂಕೇತ ಪ್ರೋಟೀನಾದ ಇಂಟರ್‌ಫೆರಾನ್ ಹೇಗೆ ತಡೆಯುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಹೊರಟ ಸಂಶೋಧನಾ ವಿದ್ಯಾರ್ಥಿ ಮೊದಲು ಅದರ ಆಲ್ಫಾ ಮತ್ತು ಗಾಮಾ ಎಂಬ ಬಗೆಗಳ ನಡುವೆ ಆರಿಸಬೇಕಾಗುತ್ತದೆ.

ಕೋಶಚಕ್ರದ, ಅಂದರೆ ಕೋಶವು ಬೆಳೆದು ಇಬ್ಭಾಗವಾಗುವ ಹಂತಗಳ ಸರಣಿಯ, ತಡೆಯೇ ಮುಖ್ಯ ಪ್ರಶ್ನೆಯಾಗಿದ್ದರೆ ನನ್ನ ಒಲವು ಆಲ್ಫಾದ ಕಡೆಗೆ. ಬರ್ಕಿಟ್ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರಿನಿಂದ ಪಡೆದ ಡೌಡಿ ಕೋಶಗಳಲ್ಲಿ ಅದು ವಿಭಜನೆಯನ್ನು ಪ್ರೇರೇಪಿಸುವ ಸಿ-ಮಿಕ್ ವಂಶವಾಹಿಯ ಅಭಿವ್ಯಕ್ತಿಯನ್ನು ತಗ್ಗಿಸುತ್ತದೆ, ಚಕ್ರವನ್ನು ಮುನ್ನಡೆಸುವ ಕಿಣ್ವಗಳಾದ ಸೈಕ್ಲಿನ್ ಅವಲಂಬಿತ ಕೈನೇಸ್‌ಗಳ ಚಟುವಟಿಕೆಯನ್ನೂ ಕುಂದಿಸುತ್ತದೆ. ಇದರಿಂದ ವಿಭಜನೆಗೆ ತಡೆಯೊಡ್ಡುವ ಆರ್‌ಬಿ ಪ್ರೋಟೀನಿಗೆ ಫಾಸ್ಫೇಟ್ ಸೇರುವುದು ಕಡಿಮೆಯಾಗಿ, ಅದು ಮುಂದಿನ ಹಂತದ ವಂಶವಾಹಿಗಳನ್ನು ಚಾಲೂ ಮಾಡುವ ಇ2ಎಫ್ ಪ್ರೋಟೀನನ್ನು ಬಿಡದೆ ಹಿಡಿದಿಡುವುದರಿಂದ, ಕೋಶವು ಡಿಎನ್‌ಎ ನಕಲಾಗುವ ಎಸ್ ಹಂತವನ್ನು ಪ್ರವೇಶಿಸದೆ ಅದಕ್ಕೂ ಹಿಂದಿನ ಜಿ1 ಹಂತದಲ್ಲೇ ನಿಲ್ಲುತ್ತದೆ. ಎಲ್ಲ ಕೋಶಗಳೂ ಹೀಗೆ ವರ್ತಿಸುವುದಿಲ್ಲ. ಕೆಲವು ಎಸ್ ಹಂತದಲ್ಲಿ ನಿಧಾನವಾಗುತ್ತವೆ.

ಗಾಮಾ ಬೇರೊಂದು ಗ್ರಾಹಕಕ್ಕೆ ಅಂಟಿಕೊಂಡು, ಮುಖ್ಯವಾಗಿ ವಂಶವಾಹಿಗಳನ್ನು ಚಾಲೂ ಮಾಡುವ ಸ್ಟಾಟ್1 ಪ್ರೋಟೀನಿನ ಜೋಡಿಗಳ ಮೂಲಕ ಕೆಲಸ ಮಾಡುತ್ತದೆ. ಚಕ್ರವನ್ನು ನಿಲ್ಲಿಸುವ ಪಿ21 ಎಂಬ ತಡೆಪ್ರೋಟೀನನ್ನು ಸಾಮಾನ್ಯವಾಗಿ ಹೆಚ್ಚಿಸುವುದು ಪಿ53 ಪ್ರೋಟೀನು; ಅದು ಕೆಟ್ಟಿರುವ ಎ431 ಎಂಬ ಕ್ಯಾನ್ಸರ್ ಕೋಶಗಳಲ್ಲೂ ಗಾಮಾ ಪಿ21 ಅನ್ನು ಹೆಚ್ಚಿಸಬಲ್ಲದು ಎಂಬುದು ನಿಜಕ್ಕೂ ಗಮನಾರ್ಹ. ಆದರೆ ಅದೇ ಗಾಮಾ ಪ್ರತಿರಕ್ಷಣಾ ಕೋಶಗಳ ದಾಳಿಯನ್ನು ತಗ್ಗಿಸುವ ಪಿಡಿ-ಎಲ್1 ಪ್ರೋಟೀನನ್ನೂ ಹೆಚ್ಚಿಸುತ್ತದೆ. ಪ್ರತಿರಕ್ಷಣಾ ಕೋಶಗಳೊಂದಿಗೆ ಬೆಳೆಸುವ ಪ್ರಯೋಗಗಳಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಚಿಕಿತ್ಸೆಯ ಇತಿಹಾಸ ಆಲ್ಫಾದ ಪರವಾಗಿದೆ: 1986ರಲ್ಲಿ ಅಮೆರಿಕದಲ್ಲಿ ಹೇರಿ ಸೆಲ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಅನುಮೋದನೆ ಪಡೆದದ್ದು ಅದೇ.

ಯಾವುದನ್ನೇ ಆರಿಸಿದರೂ, ಕೋಶಗಳಲ್ಲಿ ಆರ್‌ಬಿ ಕಾರ್ಯನಿರತವಾಗಿದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಇಲಿಯ ಗಾಮಾ ಮಾನವ ಕೋಶಗಳ ಮೇಲೆ ಕೆಲಸ ಮಾಡುವುದಿಲ್ಲವಾದ್ದರಿಂದ, ಖರೀದಿಸುವಾಗ ಪ್ರಭೇದವನ್ನೂ ನೋಡಿಕೊಳ್ಳಬೇಕು. ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಅಳೆಯುವ ಫ್ಲೋ ಸೈಟೋಮೆಟ್ರಿಯಲ್ಲಿ, ವಿಭಜನೆ ನಿಂತ ಕೋಶಗಳನ್ನೂ ಸತ್ತ ಕೋಶಗಳನ್ನೂ ಪ್ರತ್ಯೇಕವಾಗಿ ಎಣಿಸಬೇಕು.