ಕೂಲರ್ ಫ್ಯಾನಿಗೆ ಗರಗಸದ ಹಲ್ಲು: ಕೊರೆಯುವುದೋ, ಅಂಟಿಸುವುದೋ?

ಕೂಲರ್ ಫ್ಯಾನಿನ ಸದ್ದು ತಗ್ಗಿಸಲು ರೆಕ್ಕೆಯ ಅಂಚಿಗೆ ಗರಗಸದಂಥ ಹಲ್ಲು ಬೇಕೆಂದರೆ ಹಲ್ಲಿನ ಪಟ್ಟಿ ಅಂಟಿಸಿ, ರೆಕ್ಕೆಗೆ ಗರಗಸ ಹಾಕಬೇಡಿ. ಕಲಬುರಗಿಯ ಮೇ ತಿಂಗಳಲ್ಲಿ ರಾತ್ರಿಯಿಡೀ ಫುಲ್ ಸ್ಪೀಡಿನಲ್ಲಿ ಓಡಬೇಕಾದ 16 ಇಂಚಿನ ಪ್ಲಾಸ್ಟಿಕ್ ಫ್ಯಾನಿಗೆ ಎಲ್ಲ ಬಗೆಯನ್ನೂ ಹಚ್ಚಿ ನೋಡಿದ ಮೇಲಿನ ಮಾತಿದು.

ಕೊರೆದ ರೆಕ್ಕೆಯಲ್ಲಿ ಗಾಳಿಯ ಸುಂಯ್ ಸದ್ದು ತಗ್ಗುತ್ತದೆ, ಸಿಳ್ಳೆ ಶುರುವಾಗುತ್ತದೆ. ತಪ್ಪು ಹಲ್ಲಿನ ತುದಿಯದಲ್ಲ, ಬುಡದ್ದು. ಗಾಳಿ ಬಿಟ್ಟುಹೋಗುವ ಹಿಂದಂಚು ತೆಳ್ಳಗಿದ್ದರೂ ಹಲ್ಲಿನ ಬುಡ ಬರುವ 15 ಮಿ.ಮೀ. ಒಳಗೆ ರೆಕ್ಕೆ 2 ಮಿ.ಮೀ. ದಪ್ಪ. ಅಲ್ಲಿ ತೆರೆದ ಮೊಂಡು ಅಂಚಿನ ಹಿಂದೆ ಗಾಳಿ ಒಮ್ಮೆ ಈಚೆ, ಒಮ್ಮೆ ಆಚೆ ಸುಳಿ ಬಿಡುತ್ತದೆ. 1400 ಆರ್‌ಪಿಎಂನಲ್ಲಿ ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ. ಅದರ ಐದನೇ ಒಂದು ಪಾಲನ್ನು ದಪ್ಪದಿಂದ ಭಾಗಿಸಿದರೆ ಸಿಳ್ಳೆಯ ಕಂಪನ ಸಂಖ್ಯೆ: ಸುಮಾರು 3000 ಹರ್ಟ್ಸ್. ಕಿವಿ ಅತಿ ಚುರುಕಾಗಿರುವ ಜಾಗವೇ ಅದು. ಶಹಾಬಾದ್ ಫರಸಿ ಹಾಸಿದ ಬರಿಗೋಡೆಯ ಕೋಣೆಯಲ್ಲಂತೂ ತಲೆ ತಿನ್ನುತ್ತದೆ. ಪ್ರತಿ ಸಂದಿಯ ಬುಡವನ್ನೂ ಅರದಿಂದ ಉಜ್ಜಿ ಅರ್ಧ ಮಿ.ಮೀ.ಗೆ ಇಳಿಸಿದರೆ ಸಿಳ್ಳೆ ಅಡಗುತ್ತದೆ. ಆದರೆ ಯಾವುದಾದರೂ ರೆಕ್ಕೆಯಲ್ಲಿ ಉಜ್ಜಿದ್ದು ಹೆಚ್ಚಾಯಿತೋ, ತೂಕ ತಪ್ಪಿ ಕೂಲರ್ ನಡುಗುತ್ತದೆ. ಚೂಪು ಸಂದಿಯಿಂದಲೇ ಬಿರುಕು ಬಿಡುವ ಭಯ ಬೇರೆ.

ಅಂಟಿಸುವ ಪಟ್ಟಿಗೆ ಅರ್ಧ ಮಿ.ಮೀ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಹಾಳೆ ಸಾಕು. ಅಗಲ 25 ಮಿ.ಮೀ.: 10 ಅಂಟಿಗೆ, 15 ಹಲ್ಲಿಗೆ, ಹಲ್ಲಿನಿಂದ ಹಲ್ಲಿಗೆ 5. ಇಷ್ಟು ಉದ್ದ ಯಾಕೆಂದರೆ ರೆಕ್ಕೆಗೆ ಅಂಟಿ ಹರಿಯುವ ಕದಡಿದ ಗಾಳಿಯ ಪದರವೇ ಸುಮಾರು 4 ಮಿ.ಮೀ. ಇರುತ್ತದೆ, 2 ಮಿ.ಮೀ. ಹಲ್ಲು ಅದರೊಳಗೇ ಮುಳುಗಿಹೋಗುತ್ತದೆ. ಹೊರಗಿನ ಅರ್ಧಕ್ಕಷ್ಟೇ ಅಂಟಿಸಿ. ಹಿಂದಂಚಿನ ಸದ್ದು ವೇಗದ ಐದನೇ ಘಾತದಂತೆ ಏರುವುದರಿಂದ ನಿಧಾನ ಓಡುವ ಒಳಗಿನ ಅರ್ಧದ ಪಾಲು ಲೆಕ್ಕಕ್ಕಿಲ್ಲ. ಹಲ್ಲು ರೆಕ್ಕೆಯ ಬಾಗಿನ ನೇರಕ್ಕೇ ಇರಲಿ; ಎತ್ತಿ ನಿಂತರೆ ಸಂದಿಯಿಂದ ಗಾಳಿ ನುಗ್ಗಿ ಹೊಸದೊಂದು ಬುಸುಗುಟ್ಟುವಿಕೆ. ಪಟ್ಟಿಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಜಾಲರಿಯಿಂದ 10 ಮಿ.ಮೀ. ದೂರ ಇದೆಯೇ ನೋಡಿ. ಪ್ಲಗ್ ತೆಗೆದೇ ಕೈ ಹಾಕಿ.

ಹಲ್ಲಿನ ಬದಲು ಬ್ರಷ್ಷಿನ ಕೂದಲು ಅಂಟಿಸುವುದು ಸದ್ದಿಲ್ಲದೆ ಹಾರುವ ಗೂಬೆಯ ರೆಕ್ಕೆಯ ಉಪಾಯ. ಇಲ್ಲಿಯ ಗಡಸು ನೀರಿನ ಹನಿ ಬಿದ್ದು ಸುಣ್ಣಗಟ್ಟಿ ಕಡ್ಡಿಯಾಗುತ್ತದೆ.

ರೆಗ್ಯುಲೇಟರಿನಲ್ಲಿ ವೇಗ ಹತ್ತನೇ ಒಂದು ಪಾಲು ಇಳಿಸಿದರೂ ಹಿಂದಂಚಿನ ಸದ್ದು 2 ಡೆಸಿಬೆಲ್‌ಗಿಂತ ಹೆಚ್ಚೇ ಇಳಿಯುತ್ತದೆ. ಕರೆಂಟ್ ತಯಾರಿಸುವ ಗಾಳಿಯಂತ್ರದ ದೊಡ್ಡ ರೆಕ್ಕೆಗಳಿಗೆ ಹಲ್ಲು ಹಚ್ಚಿ ಗಳಿಸುವುದೂ ಸುಮಾರು 2–3 ಡೆಸಿಬೆಲ್ಲೇ. ರೊಕ್ಕ ಬೇಡ, ಶ್ರಮ ಬೇಡ. ಆದರೆ ಗಾಳಿಯೂ ಅಷ್ಟೇ ಇಳಿಯುತ್ತದೆ, ಮೇ ತಿಂಗಳಲ್ಲಿ ಅದನ್ನು ಬಿಟ್ಟುಕೊಡಲಾಗದು. ಮೋಟಾರಿನ ಗುಂಯ್‌ಗುಡುವಿಕೆಗೆ ಹಲ್ಲು ಏನೂ ಮಾಡದು. ಅದಕ್ಕೆ ಬುಷ್ (ಮೋಟಾರಿನ ದಂಡ ತಿರುಗುವ ಕೊಳವೆ) ನೋಡಿ.

ಕೊನೆಗೆ ಅಂಟು. ರೆಕ್ಕೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಸ್ಪಿರಿಟ್‌ನಿಂದ ಒರೆಸಿ ಒಳ್ಳೆಯ ಡಬಲ್ ಟೇಪ್ ಹಚ್ಚಿ, ಒಂದು ದಿನ ಬಿಟ್ಟು ಓಡಿಸಿ. ಪಾಲಿಪ್ರೊಪಿಲೀನ್ ಆದರೆ ಅಂಟು ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ಇಲ್ಲದೆ ಸಾಮಾನ್ಯ ಟೇಪ್ ನಿಲ್ಲದು. ಮೇಣದಂತೆ ಜಾರುವ ಮೈಯಿಂದಲೇ ಗುರುತು ಸಿಗುತ್ತದೆ.